ಅನುಮಾನದ ಪಾಠ

ಮೇಜಿನ ಮೇಲೆ ಹಾರ್ಡ್ ಡಿಸ್ಕ್ ಇರಲಿಲ್ಲ!

ವಡಾಲದ ಕನ್ನಡ ಸಂಘದ ಕೋಣೆಯಲ್ಲಿ ಕಸ್ತೂರಿಬಾಯಿ ಮೇಡಂ ಖಾನೆಗಳನ್ನೆಲ್ಲ ತಡಕಿ ಕುರ್ಚಿಯಲ್ಲಿ ಕುಳಿತರು. ಉಪಮೆ, ರೂಪಕಗಳಿಂದ ಹಿಡಿದು ದರ್ಶನಶಾಸ್ತ್ರದ ಪದಗಳವರೆಗೆ, ಎಂ.ಎ. ವಿದ್ಯಾರ್ಥಿಗಳಿಗೆಂದು ಅವರು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿದ ಪಾಠಗಳೆಲ್ಲ ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

"ಕೀಲಿ ಯಾರ ಹತ್ರ ಇತ್ತು?"

ಕೇಳಿದವರು ಭಾಗವ್ವ. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ಇದೇ ತರಗತಿಗೆ ಸೇರಿದ್ದ ವಿಜಯಪುರದ ಹೆಂಗಸು.

"ನನ್ನ ಹತ್ರ, ಆಂಟಿ." ಶೀತಲ್ ಮುಂದೆ ಬಂದಳು. ದಿನಾ ಕೋಣೆಗೆ ಬೀಗ ಹಾಕುವ ವಿದ್ಯಾರ್ಥಿನಿ ಅವಳೇ. "ಮಧ್ಯಾಹ್ನ ಮೇಡಂ ಮನೆಗೆ ಹೋದರು. ನನಗೆ ಮಮ್ಮಿ ಕಾ ಫೋನ್ ಬಂತು, ಕೆಳಗೆ ಹೋದೆ. ಥೋಡಾ ಟೈಮ್ ರೂಮ್ ಓಪನ್ ಇತ್ತು..."

"ತಿರುಗಿ ಬಂದಾಗ ಡಿಸ್ಕ್ ಇತ್ತೇನು?"

"ನೋಡಲಿಲ್ಲ. ಬಸ್, ಲಾಕ್ ಮಾಡಿದೆ, ಅಷ್ಟೇ."

ಕಸ್ತೂರಿಬಾಯಿ ಅವಳತ್ತ ನೋಡದೆ ಎದ್ದು ಪಕ್ಕದ ಕೋಣೆಗೆ ಹೋದರು. ಬೈದಿದ್ದರೂ ಶೀತಲ್‌ಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಕಿಶೋರ ಬಂದ. ಮಲಾಡ್‌ನಲ್ಲಿ ಸ್ವಂತ ಕ್ಲಾಸ್ ನಡೆಸುತ್ತ, ಸಂಜೆ ಇಲ್ಲೂ ಪಾಠ ಹೇಳುವ ಧಾರವಾಡದ ಮೇಷ್ಟ್ರು. ಭಾಗವ್ವ ಅವನಿಗೆ ಡಿಸ್ಕ್ ಹೋದ ಸುದ್ದಿ ಹೇಳಿದರು.

"ನಾ ಮಲಾಡ್‌ನಿಂದ ಈಗ ನೆಟ್ಟಗ ಬರಾಕತ್ತೀನಿ. ಕೀಲಿ ಇದ್ದಾಕಿನ್ನ ಬಿಟ್ಟು ಇನ್ಯಾರು ಕದೀತಾರ್ರಿ?"

"ಮೇಡಂ ರೆಕಾರ್ಡ್ ಮಾಡಿದ ಪಾಠ ನೀವು ಕೇಳೀರೇನು, ಸರ?" ಭಾಗವ್ವ ಕೇಳಿದರು.

"ಒಂದೂ ಇಲ್ಲ. ಯಾಕ?"

"ಸುಮ್ಮನ ಕೇಳಿದೆ. ನನಗಂತೂ ಈ ಹುಡುಗಿ ಮ್ಯಾಲ ಅನುಮಾನ ಇಲ್ರಿ."

ಕಿಶೋರ ನಕ್ಕ. "ಅದು ಸಂಶಯ ಭಾಗವ್ವಾ, ಅನುಮಾನ ಅಲ್ಲ. ಪ್ಲಾಟ್‌ಫಾರ್ಮ್‌ನಾಗ ಮಂದಿ ಒಮ್ಮೆಲೇ ಅಂಚಿಗೆ ಸರೀತಾರ, ವಡಾಪಾವ್ ತಿನ್ನಾವ ಉಳಿದರ್ಧ ಡಬ್ಬಿಗೆ ತುರುಕ್ತಾನ—ಗಾಡಿ ಕಾಣದಿದ್ರೂ ಲೋಕಲ್ ಬಂತು ಅಂತ ತಿಳೀತದ. ಕಂಡದ್ದರಿಂದ ಕಾಣದ್ದನ್ನ ತಿಳಿಯೋದು ಅನುಮಾನ. ಪರೀಕ್ಷೆಗೆ ಬರ್ತದ, ಬರ್ಕೋರಿ."

"ಛಲೋ ಉದಾಹರಣೆ. ಯಾರದ್ರಿ?"

"ನಂದೇ! ವರ್ಷಗಟ್ಟಲೆ ಹೇಳ್ತಾ ಬಂದೀನಿ."

ಭಾಗವ್ವ ಎದ್ದು ಪಕ್ಕದ ಕೋಣೆಗೆ ಹೋದರು. ಗೋಡೆಯಾಚೆ ಪಿಸುಮಾತು. ಏನು ಮಾತಾಡುತ್ತಿದ್ದಾರೆ? ತನ್ನ ಬಗ್ಗೆಯೇ? ಶೀತಲ್ ಕಿವಿಗೊಟ್ಟಳು. ಎದುರಿಗೆ ಕಿಶೋರ ತನ್ನ ಬ್ಯಾಗನ್ನು ತೊಡೆಯ ಮೇಲೆಳೆದುಕೊಂಡ.

ಭಾಗವ್ವ ಮೇಡಂ ಜೊತೆ ಹಿಂದಿರುಗಿದರು.

"ಪುಸ್ತಕದಾಗೆಲ್ಲ ಅನುಮಾನಕ್ಕ ಹೊಗೆ-ಬೆಂಕಿ ಉದಾಹರಣೆ ಅದ, ಸರ. ಈ ವಡಾಪಾವ್ ಎಲ್ಲಿಂದ ಬಂತು? ಮೇಡಂ ಇವತ್ತ ಬೆಳಿಗ್ಗೆ ಸ್ಟೇಷನ್ನಾಗ ಕಣ್ಣಾರೆ ಕಂಡದ್ದದು. ಬಂದು, ಇಲ್ಲಿ ಒಬ್ಬರೇ ಕುಂತು ಡಿಸ್ಕ್‌ನಾಗ ರೆಕಾರ್ಡ್ ಮಾಡ್ಯಾರ. ಯಾರಿಗೂ ಹೇಳಿಲ್ಲ. ಒಂದೂ ಪಾಠ ಕೇಳದ ನಿಮಗ ಆ ಡಬ್ಬಿ ಸುದ್ದಾ ಹೆಂಗ ಗೊತ್ತಾತು?"

ಕಿಶೋರ ಬ್ಯಾಗ್ ಎತ್ತಿಕೊಂಡು ಬಾಗಿಲತ್ತ ತಿರುಗಿದ.

"ಡಿಸ್ಕ್ ಒಯ್ದಾವ ಮಾತ್ರ ಅದನ್ನ ಕೇಳಿರಬೇಕು. ಮಧ್ಯಾಹ್ನ ಇಲ್ಲಿಗೆ ಬಂದ್ರಿ, ಬಾಗಿಲು ತೆರೆದಿತ್ತು. ಕಳ್ಳ ನೀವೇ, ಸರ. ಬ್ಯಾಗ್ ತೆಗೀರಿ."

ಡಿಸ್ಕ್ ಹೊರಬಂತು.

"ಆನ್‌ಲೈನ್ ಕ್ಲಾಸ್ ಸುರು ಮಾಡೂದಿತ್ತು..." ಕಿಶೋರ ತೊದಲಿದ. "ನನ್ನ ಹೆಸರಿಲೆ."

ಕಸ್ತೂರಿಬಾಯಿ ಮೊಬೈಲ್ ತೆಗೆದರು. ಭಾಗವ್ವ ಅದನ್ನು ಮೆಲ್ಲಗೆ ತೆಗೆದುಕೊಂಡರು.

"ಪೊಲೀಸರಿಗೆ ನಾ ಹೇಳ್ತೀನ್ರಿ. ನೀವು ಮೊದಲು ಈ ಹುಡುಗಿ ಜೋಡಿ ಮಾತಾಡ್ರಿ."