ಗೂಡಿಗೆ ಏರಿದ ಬಿಳಿ ತೊಲೆ

ಕಾಲೇಜಿನ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಹೊಸ ಸೀಟಿಗೆ ವರ್ಷಕ್ಕೆ ನಾನೂರ ಎಂಬತ್ತು ಡಾಲರ್. ಅದನ್ನು ಕೊಳ್ಳುವ ಹಕ್ಕಿಗಾಗಿ ಕಾಲೇಜಿಗೆ ಇನ್ನೊಂದು ಆರುನೂರು. ಕೊಡದಿದ್ದರೆ ಸೀಟಿಲ್ಲ, ಆದರೂ ಅದಕ್ಕೆ ದಾನ ಎಂದು ಹೆಸರು. ಆಟವಿದ್ದ ಶನಿವಾರ ಕಾರು ನಿಲ್ಲಿಸಲು ನಲವತ್ತು. ಒಂದು ಹಾಟ್‌ಡಾಗ್, ಒಂದು ಕೋಕ್, ಹದಿನಾಲ್ಕು. ನನ್ನ ಲಾಂಡ್ರಿಯಲ್ಲಿ ಮೆಷಿನ್ ಒಂದು ಸಲ ತಿರುಗಿದರೆ ಬರುವುದು ಮೂರೂಕಾಲು ಡಾಲರ್. ಹಳೆಯ ದರ ಇದರ ಅರ್ಧದಷ್ಟಿತ್ತು, ನಿಜ. ಆದರೂ ವ್ಯಾಪಾರ ಬಲ್ಲ ನಾನು ಏಳು ವರ್ಷ ಎರಡು ಸೀಟಿಗೆ ದುಡ್ಡು ಕಟ್ಟಿ ಒಂದರಲ್ಲಿ ಕೂತೆ.

ಇನ್ನೊಂದು ನನ್ನ ಗಂಡ ಕರ್ಟಿಸ್‌ನದು. ಅವನು ತೀರಿಕೊಂಡ ಮೇಲೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನಮ್ಮ ಆಲಬಾಮಾದಲ್ಲಿ ಇದನ್ನು ಯಾರೂ ಹುಚ್ಚು ಅನ್ನುವುದಿಲ್ಲ. ಟ್ಯಾಲಿಸ್ ಸ್ಟೇಟ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕೊಕ್ಕರೆಗಳು ಎಂದು ಹೆಸರು. ಸ್ಟೇಡಿಯಮ್ಮನ್ನು ನಾವು ಗೂಡು ಅನ್ನುತ್ತೇವೆ. ಗೂಡಿನಲ್ಲಿ ಸೀಟಿದ್ದವರಿಗೆ ಊರಿನಲ್ಲಿ ಬೇರಿದೆ ಎಂದು ಲೆಕ್ಕ.

ಆ ಖಾಲಿ ಸೀಟಿನ ಆಚೆ ಹಾಯ್ಟ್ ಕೂರುತ್ತಿದ್ದ. ಏಸಿ ರಿಪೇರಿ ಅವನ ಕೆಲಸ. ಉದ್ದ ಕಾಲು, ಉದ್ದ ಕತ್ತು. ತಂಡದ ಹೆಸರನ್ನು ಅವನನ್ನು ನೋಡಿಯೇ ಇಟ್ಟರೇನೋ ಅನ್ನಬೇಕು. ಮದುವೆಯಾಗಿ, ಮುರಿದು, ಬಹಳ ಕಾಲವಾಗಿತ್ತು. ಸೀಟು ಎಂದರೆ ಅಲ್ಯುಮಿನಿಯಂ ಬೆಂಚಿನ ಮೇಲೆ ಒಂದು ನಂಬರು, ಅಷ್ಟೇ. ಖಾಲಿ ಜಾಗ ಕಂಡರೆ ಸಾಲಿನವರೆಲ್ಲ ಕೋಟು, ಛತ್ರಿ, ಪಾಪ್‌ಕಾರ್ನ್ ತಂದು ಸುರಿಯುತ್ತಿದ್ದರು. ಹಾಯ್ಟ್ ಮಾತ್ರ ತನ್ನ ಟೋಪಿಯನ್ನೂ ಅಲ್ಲಿ ಇಡಲಿಲ್ಲ. ಕೊರೆಯುವ ಚಳಿಯಲ್ಲೂ ಎಲ್ಲವನ್ನೂ ತೊಡೆಯ ಮೇಲೆ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ.

ಆಟದ ನಾಲ್ಕನೆಯ, ಕೊನೆಯ ಕ್ವಾರ್ಟರ್ ಶುರುವಾಗುವಾಗ ಇಡೀ ಗೂಡು ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಲ್ಲುತ್ತದೆ. ಐವತ್ತು ಸಾವಿರ ಜನ, ಪಕ್ಕದವರ ಹೆಗಲು ಹಿಡಿದು. ಹಾಯ್ಟ್ ಆಗ ಕರ್ಟಿಸ್‌ನ ಸೀಟಿನ ಮೇಲಿಂದ ಕೈ ಚಾಚಿ ನನ್ನ ಹೆಗಲು ಹಿಡಿಯುತ್ತಿದ್ದ. ಬಿಸಿ ಇಸ್ತ್ರಿಯನ್ನು ಮುಟ್ಟಿ ನೋಡುವವರ ಹಾಗೆ, ಬೆರಳ ತುದಿಯಲ್ಲಿ.

"ಗಟ್ಟಿಯಾಗಿ ಹಿಡೀರಿ ಹಾಯ್ಟ್. ಬಿದ್ದು ಹೋಗ್ತೀರ."

"ಬಿದ್ರೆ ನಾನೊಬ್ನೇ ಬೀಳ್ತೀನಿ. ನಿಮ್ಮನ್ನ ಎಳ್ಕೊಳಲ್ಲ."

ಆಮೇಲೆ ಮೂರು ತಾಸು ಆ ಬೆರಳುಗಳನ್ನು ನೆನೆಯುವುದು ಬಿಟ್ಟರೆ ನನ್ನ ಹೆಗಲಿಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ.

ಒಂದು ಚಳಿಗಾಲ, ಆಟದ ಋತು ಮುಗಿದ ವಾರವೇ, ಗೂಡನ್ನು ದೊಡ್ಡದು ಮಾಡುವ ಕೆಲಸ ಶುರುವಾಯಿತು. ಪೂರ್ವದ ಕಡೆ ಹೊಸದೊಂದು ಅಂತಸ್ತು, ಬೆಂಚಿನ ಬದಲು ಬೆನ್ನಾನಿಕೆಯಿರುವ ಕುರ್ಚಿಗಳು. ಭಾನುವಾರ ಚರ್ಚು ಬಿಟ್ಟ ಕೂಡಲೇ ಊರು ಊರೇ ಮಡಚುವ ಕುರ್ಚಿ ತೆಗೆದುಕೊಂಡು ತಂತಿ ಬೇಲಿಯ ಹತ್ತಿರ ಸೇರತೊಡಗಿತು. ಹುರಿದ ಕೋಳಿ, ಬೇಯಿಸಿದ ಕಡಲೇಕಾಯಿ, ಸಿಹಿ ಚಹಾ. ಆಟವಿಲ್ಲ, ಆಟಗಾರರಿಲ್ಲ. ಬರೀ ಉಕ್ಕು ಏರುವುದನ್ನು ನೋಡಲು ಜನ.

ನೋಡುವ ಹಾಗೆಯೇ ಇತ್ತು. ಮೊದಲು ಕೆಂಪು ಮಣ್ಣಿನಿಂದ ಕಂಬಗಳು ಎದ್ದವು. ಪೈನ್ ಮರಗಳಷ್ಟು ಎತ್ತರಕ್ಕೆ ಬಂದು ನಿಲ್ಲುತ್ತವೆ ಅಂದುಕೊಂಡರೆ ಮರಗಳನ್ನು ಕೆಳಗೆ ಬಿಟ್ಟು ಹೋದವು. ಅವುಗಳಿಂದ ಒಳಗಡೆಗೆ ಬಾಗಿದ ಪಕ್ಕೆಲುಬುಗಳು ಬಂದವು. ಅವುಗಳ ಮೇಲೆ ನಡೆಯುವ ಮನುಷ್ಯ ಕಡಲೇಬೀಜದಷ್ಟು ಕಾಣುತ್ತಿದ್ದ. ಸಂಜೆಯ ಬೆಳಕು ಆ ಎಲುಬುಗಳ ನಡುವೆ ತೂರಿ ನಮ್ಮೆಲ್ಲರ ಮೇಲೆ ಉದ್ದುದ್ದ ಗೆರೆಯಾಗಿ ಬೀಳುವಾಗ, ಕೋಳಿ ಕಚ್ಚುತ್ತಿದ್ದವರೂ ಬಾಯಿ ನಿಲ್ಲಿಸುತ್ತಿದ್ದರು.

ಕ್ರೇನಿಗೆ ಜನ ಅತ್ತೆ ಎಂದು ಹೆಸರಿಟ್ಟಿದ್ದರು. ಮೇಲೆ ನಿಂತು ಎಲ್ಲರ ಕಡೆಗೂ ಬೆರಳು ತೋರಿಸುತ್ತಿತ್ತಲ್ಲ, ಅದಕ್ಕೆ.

ಎರಡನೆಯ ಭಾನುವಾರ ನಾನು ಬರುವಷ್ಟರಲ್ಲಿ ಹಾಯ್ಟ್ ಎರಡು ಕುರ್ಚಿ ಹಾಕಿಕೊಂಡು ಕೂತಿದ್ದ. ಒಂದಕ್ಕೊಂದು ತಾಗುವಂತೆ.

"ಇದು ಯಾರಿಗೆ?"

"ಅತ್ತೆ ಕೆಳಗಿಳಿದು ಬಂದ್ರೆ ಇರ್ಲಿ ಅಂತ."

"ಅವರು ಬರೋವರೆಗೂ ನಾನು ಕೂತಿರ್ತೀನಿ ಬಿಡಿ."

ಕೂತ ಮೇಲೆ ಗೊತ್ತಾಯಿತು: ಇಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಜಾಗವೇ ಇಲ್ಲದೆ ಕೂತದ್ದು ಅದೇ ಮೊದಲು. ಅವನಿಗೂ ಗೊತ್ತಾಗಿತ್ತು. ಕಿವಿಯ ತುದಿ ಕೆಂಪಾಗಿತ್ತು. ಕಣ್ಣು ಮಾತ್ರ ಉಕ್ಕಿನ ಮೇಲೆಯೇ ನೆಟ್ಟಿತ್ತು. ಅವನು ಅತ್ತ ನೋಡುವಾಗ ನಾನು ಅವನನ್ನು ನೋಡುತ್ತಿದ್ದೆ. ನಾನು ಅತ್ತ ತಿರುಗಿದರೆ ಅವನ ಕುರ್ಚಿ ಕಿರ್ ಎನ್ನುತ್ತಿತ್ತು.

ಹೀಗೆ ಚಳಿಗಾಲ ಕಳೆಯಿತು. ಬೇಲಿಯಾಚೆ ಗೂಡು ಏರಿತು. ಈಚೆ ನನ್ನೊಳಗೆ ಏರುತ್ತಿದ್ದುದಕ್ಕೆ ಯಾವ ಬೇಲಿಯೂ ಇರಲಿಲ್ಲ.

ಆಗ ಟಿಕೆಟ್ ಆಫೀಸಿನಿಂದ ಸುದ್ದಿ ಬಂತು. ಹೊಸ ಕುರ್ಚಿ ಹಳೆಯ ಜಾಗಕ್ಕಿಂತ ಮೂರು ಅಂಗುಲ ಅಗಲವಂತೆ, ಆದ್ದರಿಂದ ಸಾಲಿಗೆ ಮೂರು ನಾಲ್ಕು ಸೀಟು ಕಡಿಮೆ. ಎಲ್ಲರೂ ಹೊಸದಾಗಿ ಆರಿಸಬೇಕು, ಅದೂ ಪಾಯಿಂಟಿನ ಸರದಿಯಲ್ಲಿ. ಹೆಚ್ಚು ವರ್ಷ ಬಂದವರಿಗೆ, ಹೆಚ್ಚು ಕೊಟ್ಟವರಿಗೆ ಹೆಚ್ಚು ಪಾಯಿಂಟು. ಈಗ ಎಷ್ಟು ಸೀಟಿದೆಯೋ ಅಷ್ಟೇ ಸಿಗುತ್ತದೆ. ಇಷ್ಟು ವರ್ಷ ಅಕ್ಕಪಕ್ಕ ಕೂತಿದ್ದೆವು ಎಂಬುದು ಲೆಕ್ಕಕ್ಕಿಲ್ಲ. ಗಂಡಹೆಂಡತಿ ಮಾತ್ರ ಅಕೌಂಟು ಒಂದು ಮಾಡಬಹುದು.

ಕರ್ಟಿಸ್‌ನ ತಂದೆಯ ಕಾಲದಿಂದ ಬಂದ ಪಾಯಿಂಟು ನನ್ನದು. ಹಾಯ್ಟ್‌ನದು ಅದರ ಅರ್ಧದಷ್ಟು. ನನ್ನ ಸರದಿ ಮುಗಿದು ಎಷ್ಟೋ ದಿನದ ಮೇಲೆ ಅವನದು. ಅಷ್ಟರಲ್ಲಿ ಅವನಿಗೆ ಉಳಿಯುವುದು ಗೂಡಿನ ಇನ್ನೊಂದು ಮೂಲೆ.

ನನ್ನ ಪಾಯಿಂಟಿನ ವಾಸನೆ ಊರಿಗೂ ಹತ್ತಿತ್ತು. ಚರ್ಚಿನಲ್ಲಿ ಹಾಡುವ ವಿಧುರರೊಬ್ಬರು ಪೀಕನ್ ಪೈ ಹಿಡಿದು ಲಾಂಡ್ರಿಗೆ ಬಂದರು. ಒಗೆಯಲು ಬಟ್ಟೆಯನ್ನೇ ತಂದಿರಲಿಲ್ಲ. ಪೈ ತಿಂದು ಕಳಿಸಿದೆ.

ಅದಾದ ಭಾನುವಾರ ಬೇಲಿಯ ಹತ್ತಿರ ಹಾಯ್ಟ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

"ಗಂಡ ಹೆಂಡ್ತಿ ಅಕೌಂಟು ಒಂದು ಮಾಡ್ಬಹುದಂತೆ."

"ಹೂಂ. ಓದಿದೆ."

"ಪಾಯಿಂಟೂ ಕೂಡಿಸ್ತಾರಂತೆ."

"ಹೂಂ."

"ನಾವಿಬ್ರು ಮದ್ವೆ ಆಗ್ಬಿಟ್ರೆ ನಲವತ್ತು ಗಜದ ಗೆರೆ ಹತ್ರ, ಮೈದಾನದ ಮಧ್ಯಕ್ಕೇ ಸೀಟು ಸಿಗುತ್ತೆ, ನೋರೀನ್. ನಾನು ಲೆಕ್ಕ ಹಾಕಿದೀನಿ."

ಆ ಚಳಿಗಾಲವೆಲ್ಲ ಯಾವ ಮಾತಿಗೆ ಕಾದಿದ್ದೆನೋ ಅದು ಬಂದಿತ್ತು. ಬರುವಾಗ ಪೈ ಹಿಡಿದವರ ದಾರಿಯಲ್ಲೇ ಬಂದಿತ್ತು.

"ನಿಮ್ಗೆ ಬೇಕಿರೋದು ನಾನಾ, ನನ್ನ ಪಾಯಿಂಟಾ?"

ಬೇರೆ ಯಾವ ಗಂಡಸಾದರೂ ಕಣ್ಣು ಮಿಟುಕಿಸುವುದರೊಳಗೆ "ನೀವೇ" ಅನ್ನುತ್ತಿದ್ದ. ಹಾಯ್ಟ್ ಯೋಚಿಸಿದ. ಕೆಟ್ಟ ಏಸಿಯ ಮುಂದೆ ಕೂತವನಂತೆ, ಮನಸ್ಸಿಟ್ಟು ಯೋಚಿಸಿದ.

"ಎರಡೂ," ಅಂದ.

ನಾನು ಕಡಲೇಕಾಯಿಯ ಪೊಟ್ಟಣ ಅವನ ತೊಡೆಯ ಮೇಲಿಟ್ಟು ಎದ್ದು ಬಂದೆ.

ಆಮೇಲೆ ಬೇಲಿಯ ಕಡೆಗೆ ಹೋಗಲಿಲ್ಲ. ಆದರೆ ಉಕ್ಕನ್ನು ನೋಡದೆ ಇರಲಾಗಲಿಲ್ಲ. ಕಾಲೇಜಿನವರು ಗೋಪುರದ ಮೇಲೆ ಕ್ಯಾಮೆರಾ ಇಟ್ಟು ಹಗಲಿಡೀ ಕಟ್ಟಡವನ್ನು ತೋರಿಸುತ್ತಿದ್ದರು. ಲಾಂಡ್ರಿಯ ಟೀವಿಯಲ್ಲಿ ಅದೇ ಓಡುತ್ತಿತ್ತು. ಧಾರಾವಾಹಿ ಹಾಕಿದರೆ ಗಿರಾಕಿಗಳೇ ಬೈಯುತ್ತಿದ್ದರು.

"ಅಕ್ಕಾ, ಮೂಲೇಲಿ ನೋಡಿ," ಅಂದಳು ನನ್ನ ಜೊತೆ ಬಟ್ಟೆ ಮಡಚುವ ಓಪಲ್. "ಬೇಲಿ ಹತ್ರ. ಆ ಉದ್ದ ಕತ್ತು ನಿಮ್ಮ ಕೊಕ್ಕರೇದೇ ಅಲ್ವಾ?"

"ನನ್ನ ಕೊಕ್ಕರೆ ಯಾವುದೂ ಇಲ್ಲ."

"ಸರಿ, ಯಾರದ್ದೋ ಕೊಕ್ಕರೆ. ಎರಡು ಕುರ್ಚಿ ಹಾಕ್ಕೊಂಡು ಕೂತಿದೆ. ಜನ ನಿಂತಿದಾರೆ, ಆದ್ರೂ ಎರಡನೇದು ಯಾರಿಗೂ ಕೊಡ್ತಿಲ್ಲ."

ಟವೆಲ್ ಕೈಯಲ್ಲಿ ಹಿಡಿದೇ ಟೀವಿಯ ಹತ್ತಿರ ಹೋದೆ. ಉಗುರಿನಷ್ಟು ಕಾಣುವ ಮನುಷ್ಯ, ಪಕ್ಕದಲ್ಲಿ ಖಾಲಿ ಕುರ್ಚಿ. ತಟ್ಟೆ, ಲೋಟ, ಟೋಪಿ ಎಲ್ಲ ಅವನ ತೊಡೆಯ ಮೇಲೆ.

"ಎರಡೂ ಬೇಕು ಅಂದ," ಅಂದೆ. "ನಾನೂ, ಪಾಯಿಂಟೂ."

"ಸುಳ್ಳು ಹೇಳೋ ಗಂಡಸರು ಬೇಕಾದಷ್ಟಿದಾರಕ್ಕ. ಪಾಯಿಂಟು ಯಾಕೆ ಬೇಕು ಅಂತ ಕೇಳಿದ್ರಾ?"

ಕೇಳಿರಲಿಲ್ಲ.

ವಸಂತದಲ್ಲಿ ಉಕ್ಕಿನ ಕೊನೆಯ ತೊಲೆ ಏರಿಸುವ ದಿನ ಬಂತು. ಅದಕ್ಕೆ ಬಿಳಿ ಬಣ್ಣ ಬಳಿದು ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ಕಟ್ಟುವವರ ರೂಢಿಯಂತೆ ಒಂದು ತುದಿಗೆ ಬಾವುಟ, ಇನ್ನೊಂದಕ್ಕೆ ಎಳೆಯ ಪೈನ್ ಗಿಡ. ಯಾರು ಬೇಕಾದರೂ ಅದರ ಮೇಲೆ ಹೆಸರು ಬರೆಯಬಹುದು; ಬರೆದದ್ದು ಗೂಡಿನ ನೆತ್ತಿಯಲ್ಲಿ ಸೇರಿಹೋಗುತ್ತದೆ, ಮತ್ತೆ ಯಾರೂ ಓದುವುದಿಲ್ಲ. ಸಾಲು ಪಾರ್ಕಿಂಗ್ ದಾಟಿ ರಸ್ತೆಗೆ ಬಂದಿತ್ತು. ಹೆಗಲ ಮೇಲೆ ಕೂಸುಗಳು, ಗಾಲಿಕುರ್ಚಿಯಲ್ಲಿ ಅಜ್ಜಂದಿರು, ಎಲ್ಲರ ಮೈಮೇಲೂ ಹಸಿರು ಅಂಗಿ.

ತೊಲೆಯ ಮುಂದೆ ಬಂದು ಬಗ್ಗಿ ಓದಿದೆ. ಅಷ್ಟು ಹೆಸರು! ಇದ್ದವರದು, ಇಲ್ಲದವರದು, ಇನ್ನೂ ಹುಟ್ಟದ ಮಗುವಿಗೆ ಇಡಬೇಕೆಂದಿದ್ದ ಹೆಸರು. ನಾನು ಕರ್ಟಿಸ್‌ನ ಹೆಸರು ಬರೆದೆ. ಪಕ್ಕದಲ್ಲಿ ಪೆನ್ನಿನ ಮುಚ್ಚಳ ಹಿಡಿದ ಉದ್ದನೆಯ ಕೈ ಕಂಡಿತು.

ಹಾಯ್ಟ್ ಸಾಲಿನಲ್ಲಿ ನನ್ನ ಹಿಂದೆಯೇ ಇದ್ದ. ಎಷ್ಟು ಹೊತ್ತಿನಿಂದಲೋ. ನಾವು ಬದಿಗೆ ಸರಿದೆವು.

"ಒಂದು ಕೇಳ್ತೀನಿ," ಅಂದೆ. "ನನ್ನ ಪಕ್ಕ ಕೂರ್ಬೇಕು ಅಂತಿದ್ರೆ ನನ್ನ ಅಕೌಂಟಲ್ಲೇ ಇನ್ನೊಂದು ಸೀಟಿದೆ. ಅದನ್ನ ಕೇಳ್ಬಹುದಿತ್ತಲ್ಲ? ಮದ್ವೆ, ಪಾಯಿಂಟು, ಇಷ್ಟೆಲ್ಲ ಯಾಕೆ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಅದು ಕರ್ಟಿಸ್‌ದಲ್ವಾ?"

"ಹೌದು."

"ಅವನ ಜಾಗ ನಾನು ಹೇಗೆ ಕೇಳ್ಲಿ? ನಿಮ್ಗೆ ಎರಡು, ನಂದು ಒಂದು. ಅಕೌಂಟು ಒಂದಾದ್ರೆ ಮೂರೂ ಒಟ್ಟಿಗೆ ಸಿಗುತ್ತೆ. ಅವನು, ನೀವು, ನಾನು. ಈ ಸಲ ನೀವು ಮಧ್ಯ." ಟೋಪಿಯ ಅಂಚು ತಿರುಗಿಸುತ್ತ ಹೇಳಿದ. "ಅದಕ್ಕೇ ಪಾಯಿಂಟು ಬೇಕು ಅಂದೆ. ನೀವು ಕೇಳಿದ್ರಿ, ನಾನು ಇಲ್ಲ ಅನ್ನೋದು ಹೇಗೆ?"

ಅಷ್ಟರಲ್ಲಿ ಕೆಲಸದವರು ವಿಷಲ್ ಊದಿದರು.

ಅತ್ತೆ ಬೆರಳು ಬಗ್ಗಿಸಿದಳು. ತೊಲೆ ಸ್ಟ್ಯಾಂಡುಗಳಿಂದ ಮೇಲೆದ್ದಿತು, ಒಮ್ಮೆ ತೂಗಿತು, ಏರತೊಡಗಿತು. ಸಾವಿರಾರು ಜನ ಕತ್ತು ಮೇಲೆ ಮಾಡಿದರು. ಗೆದ್ದಾಗ ಭೂಮಿ ನಡುಗುವಂತೆ ಕೂಗುವ ಆ ಜನರ ನಡುವೆ ಒಂದು ಮಗು ಬಿಕ್ಕಿದ್ದೂ ಕೇಳಿಸಿತು. ಹೆಸರುಗಳು ಮೊದಲು ಗೀಚಾದವು, ಆಮೇಲೆ ಕಲೆಯಾದವು, ಆಮೇಲೆ ಬರೀ ಬಿಳುಪು. ಗಿಡ ಗಾಳಿಗೆ ಬಾಗಿತು. ಬೆಳಕು ಬಿದ್ದಾಗ ತೊಲೆ ಹೊಳೆಯಿತು, ಮನುಷ್ಯರ ಕೈಯ ಕೆಲಸ ಅದು ಎಂದು ನಂಬಲಾಗದಂತೆ. ತುದಿಯಲ್ಲಿ ಕಾದಿದ್ದ ಇಬ್ಬರು ಸಣ್ಣ ಮನುಷ್ಯರು ಕೈ ಚಾಚಿ, ತೊಟ್ಟಿಲು ಹಿಡಿಯುವವರಂತೆ ಅದನ್ನು ಹಿಡಿದುಕೊಂಡರು.

ಹಾಯ್ಟ್‌ನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳುವುದು ಅವನಿಗೆ ನೆನಪಿರಲಿಲ್ಲ. ಇವನನ್ನು ಕೈಬಿಟ್ಟರೆ ನನ್ನಷ್ಟು ದಡ್ಡ ವ್ಯಾಪಾರಿ ಈ ಊರಲ್ಲಿ ಇನ್ನೊಬ್ಬಳಿಲ್ಲ ಅನ್ನಿಸಿತು.

"ಮದ್ವೆ ಆಗ್ತೀನಿ," ಅಂದೆ. "ಆದ್ರೆ ಸೀಟು ಆರಿಸೋದೆಲ್ಲ ಮುಗಿದ ಮೇಲೆ."

"ಮುಗಿದ ಮೇಲಾ? ಆಗ ಪಾಯಿಂಟು ಸೇರಲ್ವಲ್ಲ!"

"ಅದಕ್ಕೇ."

ಅವನ ಮುಖದ ಮೇಲೆ ನಲವತ್ತು ಗಜದ ಗೆರೆ ಬಂದು ಹೋದದ್ದನ್ನು ಕಣ್ಣಾರೆ ಕಂಡೆ. ಮೈದಾನದ ಕಡೆಗೊಮ್ಮೆ ನೋಡಿದ, ಸತ್ತ ನಂಟರನ್ನು ನೋಡುವ ಹಾಗೆ.

"ಸರಿ," ಅಂದ.

"ಬೇಜಾರಾಯ್ತಾ?"

"ಆಯ್ತು. ಸಂತೋಷಾನೂ ಆಯ್ತು. ಎರಡೂ," ಅಂದ.

ನಗು ತಡೆಯಲಾಗಲಿಲ್ಲ. ಅವನ ಕೈ ಹಿಡಿದೆ, ಬೆರಳ ತುದಿಯಲ್ಲಲ್ಲ.

"ನೀನು ನನ್ನ ಎರಡನೇ ಸೀಟಲ್ಲಿ ಕೂತ್ಕೋ, ಹಾಯ್ಟ್."

"ಕರ್ಟಿಸ್?"

"ಅವನಿಗೆ ಈಗ ಎಲ್ಲರಿಗಿಂತ ಎತ್ತರದ ಜಾಗ ಸಿಕ್ಕಿದೆ, ನೋಡು. ದಾನಾನೂ ಇಲ್ಲ, ಪಾರ್ಕಿಂಗೂ ಇಲ್ಲ."

ಅವನು ಮೇಲೆ ನೋಡಿ, ಟೋಪಿ ತೆಗೆದು, ತೊಲೆಯ ಕಡೆಗೆ ತಲೆ ಬಾಗಿಸಿದ.

ಆರಿಸುವ ದಿನ ನನ್ನ ಪಾಯಿಂಟಿಗೆ ಸಿಕ್ಕಿದ್ದು ಮೈದಾನದ ತುದಿಯಲ್ಲಿ, ಹತ್ತು ಗಜದ ಗೆರೆಯ ಆಚೆ, ಹೊಸ ಅಂತಸ್ತಿನಲ್ಲಿ. ದೊಡ್ಡ ದಾನದವರು ಮುಂದಿನದೆಲ್ಲ ತೆಗೆದುಕೊಂಡಿದ್ದರು. ಮೂರನೆಯ ಸೀಟಿನ ದರ ನಮ್ಮಿಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ. ಹಾಯ್ಟ್ ತನ್ನದನ್ನು ವಾಪಸು ಕೊಟ್ಟ. ಅದರ ಮುಂದಿನ ವಾರ ಕೋರ್ಟಿನಲ್ಲಿ ಮದುವೆಯಾದೆವು. ಓಪಲ್ ಸಾಕ್ಷಿ ಹಾಕಿದಳು.

ಮೊದಲ ಆಟದ ದಿನ ಮೆಟ್ಟಿಲು ಹತ್ತಿ ಬಂದು ಹೊಸ ಗೂಡನ್ನು ಮೇಲಿನಿಂದ ನೋಡಿದಾಗ ಇಬ್ಬರೂ ಅಲ್ಲೇ ನಿಂತುಬಿಟ್ಟೆವು. ಎಪ್ಪತ್ತು ಸಾವಿರ ಜನ ಒಂದೇ ಹಸಿರಾಗಿ ಸುತ್ತಿಕೊಂಡು ನಿಂತಿದ್ದರು. ಆಟಗಾರರು ಓಡಿ ಬಂದಾಗ ಕೂಗು ಕೆಳಗಿನಿಂದ ಏರಿ, ನಮ್ಮ ಎದೆಯ ಮೂಲಕ ಹಾದು, ಮೇಲಿನ ಉಕ್ಕನ್ನು ಸೇರಿತು. ನಮ್ಮ ಜಾಗದಿಂದ ಆಟಗಾರರ ನಂಬರು ಸರಿಯಾಗಿ ಕಾಣುವುದಿಲ್ಲ. ಹಾಯ್ಟ್ ಊಹಿಸಿ ಹೇಳುತ್ತಾನೆ, ಅರ್ಧಕ್ಕರ್ಧ ತಪ್ಪು.

ಕರ್ಟಿಸ್‌ನ ಸೀಟು ಹೋಯಿತು, ಹಾಯ್ಟ್‌ನದೂ ಹೋಯಿತು, ನಲವತ್ತು ಗಜದ ಗೆರೆ ಸಿಗಲಿಲ್ಲ. ನನಗೆ ಹಾಯ್ಟ್ ಸಿಕ್ಕಿದ.