ಫಾಯಿಲ್ ಮೇಲಿನ ಹೆಸರು

ಲ್ಯಾಬಿನ ಜೋರು ದೀಪದ ಕೆಳಗೆ, ರಾದಿಮ್‌ನ ಜಾಗದಲ್ಲಿದ್ದ ಫ್ಲಾಸ್ಕಿನ ಪಾಚಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಹೆಡ್ವಿಕಾಳ ಕೋಪ ನೆತ್ತಿಗೇರಿತು.

ರಾದಿಮ್ ಬೆಳೆಸುವುದು ಮಾಮೂಲಿ ಪಾಚಿ. ಅದು ಆ ದೀಪಕ್ಕೆಲ್ಲ ಜಗ್ಗುವುದಿಲ್ಲ. ಬಿಳಿಚಿಕೊಳ್ಳುವುದು ಅವಳದು, ಒಂದು ಪುಟ್ಟ ಪ್ರೋಟೀನು ಇಲ್ಲದ ಪಾಚಿ. ಮಂದ ಬೆಳಕಿನಲ್ಲಿ ಆ ಕೊರತೆ ಗೊತ್ತೇ ಆಗದು. ಬೆಳಕು ಜೋರಾದರೆ ಮಾತ್ರ ಪೆಟ್ಟು ತಿಂದು ಮತ್ತೆ ಏಳಲಾರದು. ಅದಕ್ಕೇ ಅವಳು ಚೂರು ಬೆಳಕು ಬರಲೆಂದು ಬುಡವಷ್ಟೇ ಬಿಟ್ಟು ತನ್ನ ಫ್ಲಾಸ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಅದರ ಮೇಲೆ ಹೆಸರು ಬರೆದಿದ್ದಳು. ಎರಡೂ ಫ್ಲಾಸ್ಕನ್ನು ಅಳತೆಗೆ ಒಯ್ದ ರಾದಿಮ್, ಕಣ್ತಪ್ಪಿ ಆ ಫಾಯಿಲನ್ನು ತನ್ನದಕ್ಕೆ ಸುತ್ತಿ, ಅವಳದನ್ನು ದೀಪದ ಕೆಳಗೆ ಇಟ್ಟುಬಿಟ್ಟಿದ್ದ.

ಸೋಮವಾರದೊಳಗೆ ಫಲಿತಾಂಶ ಕಳಿಸದಿದ್ದರೆ ಅವಳು ಎರಡು ವರ್ಷ ದುಡಿದು ಬರೆದ ಲೇಖನ ವಿಜ್ಞಾನ ಪತ್ರಿಕೆಯಿಂದ ವಾಪಸು ಬರುತ್ತಿತ್ತು.

ಅವಳು ನುಗ್ಗಿದಾಗ ರಾದಿಮ್ ಲ್ಯಾಬಿನ ಅಡುಗೆಕೋಣೆಯಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದ.

"ಫಾಯಿಲ್ ಅದಲು ಬದಲಾಗಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಇವತ್ತು ಶನಿವಾರ ಮಹಾರಾಯ. ಮೂರು ದಿನ ನನ್ನೆದುರೇ ಕೂತು ಸೂಪ್ ಕುಡಿದೆಯಲ್ಲ."

ಅವನು ಅವಳನ್ನು ಮೂಲೆಯ ಮಬ್ಬು ಕಪಾಟಿಗೆ ಕರೆದೊಯ್ದ. ಅಲ್ಲೊಂದು ಫ್ಲಾಸ್ಕು ಎಳೆಹಸಿರಾಗಿತ್ತು. ಅವಳು ಪಾಚಿ ಕಾದಿಟ್ಟಿದ್ದ ಮೂಲ ತಟ್ಟೆಯಿಂದಲೇ ಚೂರು ತೆಗೆದು ಬುಧವಾರವೇ ಬೆಳೆಯಲು ಇಟ್ಟಿದ್ದನಂತೆ, ಭಾನುವಾರಕ್ಕೆ ಸಿದ್ಧವಾಗುತ್ತದಂತೆ. ಅದನ್ನು ಕಾಯಲೆಂದು ಅಪ್ಪನ ಕೆರೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಇವತ್ತಿನ ಕಾರ್ಪ್ ಮೀನು ಹಿಡಿಯುವ ಕೆಲಸಕ್ಕೂ ಹೋಗಿರಲಿಲ್ಲ. ಏಳನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸದವನು. ಅಪ್ಪ ಫೋನಿನಲ್ಲಿ ಚೆನ್ನಾಗಿ ಬೈದಿದ್ದರು.

ಕೇಳಿ ಅವಳ ಕೋಪ ಇಳಿಯಲಿಲ್ಲ, ಇನ್ನೂ ಏರಿತು.

"ಇದನ್ನೆಲ್ಲ ಮಾಡೋಕೆ ಕೈ ಬಂತು. ಹೇಳೋಕೆ ಬಾಯಿ ಬರ್ಲಿಲ್ವಾ?"

ಅವನ ಕಿವಿಗಳು ಕೆಂಪಾದವು. ಕಣ್ಣು ಅವಳ ಕೋಟಿನ ಗುಂಡಿಯವರೆಗೆ ಬಂದು ಅಲ್ಲೇ ನಿಂತಿತು.

"ನಿನ್ನ ಹತ್ರ ಬಾಯಿ ತೆಗೆದ್ರೆ ತಪ್ಪೊಂದೇ ಬರಲ್ಲ, ಉಳಿದಿದ್ದೂ ಬಂದ್ಬಿಡತ್ತೆ. ಅದಕ್ಕೇ ಹೆದರಿದೆ."

"ಉಳಿದಿದ್ದು ಅಂದ್ರೆ?"

"ನೀನಂದ್ರೆ ಇಷ್ಟ, ಹೆಡ್ವಿಕಾ. ಬಹಳ ದಿನದಿಂದ."

ಬೈಯಲು ಹುಡುಕಿಟ್ಟ ಮಾತುಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು. ಜೇಬಿನಿಂದ ಮಾರ್ಕರ್ ತೆಗೆದು ಹೊಸ ಫ್ಲಾಸ್ಕಿನ ಗಾಜಿನ ಮೇಲೇ ತನ್ನ ಹೆಸರು ಬರೆದಳು. ಆಮೇಲೆ ಅವನ ಕೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಒತ್ತಿ ಒತ್ತಿ ಅದೇ ಹೆಸರು ಬರೆದಳು.

"ಫಾಯಿಲ್ ಮೇಲೆ ಬರೆದಿದ್ದು ನನ್ನ ತಪ್ಪು," ಎಂದಳು. "ಕಳಚಿದ್ರೆ ಯಾರ ಪಾಲಾಗತ್ತೋ ಗೊತ್ತಾಗಲ್ಲ."

"ಕೋಪ ಹೋಯ್ತಾ?"

"ಇಲ್ಲ. ಸೋಮವಾರದವರೆಗೂ ಇರತ್ತೆ," ಎಂದಳು, ಅವನ ಕೈ ಬಿಡದೆ. "ಅಲ್ಲೀವರೆಗೆ ಇದನ್ನ ತೊಳ್ಕೋಬೇಡ."