ಮುಳ್ಳುಮರದ ಕೋಶ

ಹನ್ನೆರಡಕ್ಕೆ ಗರಗಸ ಶುರು. ಅಷ್ಟರೊಳಗೆ ಕಂದು ಚಿಟ್ಟೆಯ ಒಂದೇ ಒಂದು ಜೀವಂತ ಕೋಶವನ್ನು ಮರದಲ್ಲಿದ್ದಂತೆಯೇ ಫೋಟೊ ಹಿಡಿದು ತೋರಿಸಿದರೆ ಕಾಡು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅರಣ್ಯಾಧಿಕಾರಿ ಹೇಳಿದ್ದು ಅಷ್ಟೇ.

ಹತ್ತು ವರ್ಷದಿಂದ ಆ ಚಿಟ್ಟೆಯ ಬೆನ್ನು ಬಿದ್ದಿದ್ದ ಭಾವನಿಗೆ ಏಣಿ ಹತ್ತಿದರೂ ತಲೆಸುತ್ತು. ಅದಕ್ಕೇ ನಾದಿನಿಯನ್ನು ಎಳೆದು ತಂದಿದ್ದ. ಅವಳು ಎತ್ತರದ ಕಟ್ಟಡಗಳಲ್ಲಿ ಹಗ್ಗದಿಂದ ಜೋತಾಡಿ ಕಿಟಕಿ ಒರೆಸುವವಳು.

ಕಾಡು ಇಳಿಜಾರಾಗಿ ಸಾಗಿ ಒಮ್ಮೆಲೇ ಕಂದರದ ಬಾಯಲ್ಲಿ ಮುಗಿಯುತ್ತಿತ್ತು. ಅಂಚಿನ ಹಳೆಯ ಮುಳ್ಳುಮರಗಳು ಒಂದರ ಮೈಮೇಲೊಂದು ಬಿದ್ದು ಕೊಂಬೆಗಳನ್ನು ಪಾತಾಳದ ಮೇಲೆ ಚಾಚಿದ್ದವು. ಈ ಚಿಟ್ಟೆ ಮೊಟ್ಟೆಯಿಡುವುದು ಇಂಥ ಮರದಲ್ಲಿ ಮಾತ್ರ. ಚಳಿಗಾಲವಿಡೀ ತೊಗಟೆಗಂಟಿದ್ದ ಮೊಟ್ಟೆಯಿಂದ ಚಿಗುರಿನ ಹೊತ್ತಿಗೆ ಹುಳು ಹೊರಬಂದು, ಎಲೆ ತಿಂದು, ಅಲ್ಲೇ ಕೋಶವಾಗುತ್ತದೆ.

ಗಂಟೆ ಹನ್ನೊಂದಾಯಿತು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಅವಳು ಹಗ್ಗದಿಂದ ಅಂಚಿನ ಕೊಂಬೆಗಳ ನಡುವೆ ಇಳಿದಿದ್ದಳು; ಹಗ್ಗದ ಇನ್ನೊಂದು ತುದಿ ಭಾವನ ಕೈಯಲ್ಲಿತ್ತು.

"ಏನಾದ್ರೂ ಕಾಣ್ತಾ?" ಮೇಲಿಂದ ಭಾವ ಕೂಗಿದ.

"ಮುಳ್ಳು ಕಾಣ್ತು. ನೀವು ಸುಮ್ನಿದ್ರೆ ಮಿಕ್ಕಿದ್ದೂ ಕಾಣುತ್ತೆ!"

ಕೈಯೂರಬೇಕಾದ ಜಾಗದಲ್ಲಿ ಹಕ್ಕಿ ಹಿಕ್ಕೆಯಿತ್ತು. ಅವಳ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆಗೆ ಹೋಯಿತು. ಒಂದೇ ಎಳೆತ, ಕೊಂಬೆ ಸ್ವಚ್ಛ.

"ಥೂ, ಹಿಕ್ಕೆ! ಒರೆಸಿದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಅದೇ ಕೋಶ! ಹಕ್ಕಿ ತಿನ್ನಬಾರದು ಅಂತ ಹಿಕ್ಕೆ ಥರಾನೇ ಇರುತ್ತೆ!"

"ಮೊದಲೇ ಹೇಳೋಕೇನಾಗಿತ್ತು?"

"ಹೇಳ್ದೆ! ನೀನು ಹಗ್ಗಕ್ಕೆ ಗಂಟು ಹಾಕೋದ್ರಲ್ಲಿದ್ದೆ!"

ಬಟ್ಟೆ ಬಿಡಿಸಿ ನೋಡಿದಳು. ಹಸಿರು ರಸ. ಅಳುವಷ್ಟು ಪುರುಸೊತ್ತಿರಲಿಲ್ಲ. ಈಗ ಹಿಕ್ಕೆಯನ್ನೇ ಹುಡುಕತೊಡಗಿದಳು.

ಎದುರಿನ ಕೊಂಬೆಯ ತುದಿಯಲ್ಲಿ ಇನ್ನೊಂದು! ನಿಜವಾದ ಹಿಕ್ಕೆಯೇ ಇರಬಹುದು. ಹತ್ತಿರ ಹೋಗದೆ ಗೊತ್ತಾಗದು.

"ಹಗ್ಗ ಬಿಡಿ!"

"ಉಳಿದಿರೋದು ಎರಡೇ ಮಾರು!"

"ಎರಡೂ ಬಿಡಿ!"

ಕಾಲಡಿಯ ಕೊಂಬೆ ಲಟಕ್ಕೆಂದಿತು. ಅವಳು ಕಂದರದ ಮೇಲೆ ಉಯ್ಯಾಲೆಯಾಡಿ ಬಂಡೆಗೆ ಬಡಿದಳು. ಮೊಣಕಾಲು ತರಚಿಹೋಯಿತು. ವಾಪಸು ತೂಗಿ ಬಂದಾಗ ಒಂದು ಮುಳ್ಳುರೆಂಬೆಯನ್ನು ಬರಿಗೈಯಲ್ಲಿ ಹಿಡಿದು ನಿಂತಳು. ಕಣ್ಣೆದುರೇ ಆ ಹಿಕ್ಕೆ ಸಣ್ಣಗೆ ಮಿಸುಕಿತು. ಕ್ಲಿಕ್.

ಅವಳು ಮೇಲೆ ಹತ್ತಿ ಬಂದದ್ದೇ ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಓಡಿದರು. ಲಾರಿಯ ಬಳಿ ಗರಗಸಗಳಿಗೆ ಎಣ್ಣೆ ಹಾಕಿಯಾಗಿತ್ತು. ಅಧಿಕಾರಿ ಕ್ಯಾಮೆರಾವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಸರಿ, ಇದೆ. ಆದ್ರೆ ಹತ್ತು ದಿನದಲ್ಲಿ ಹಾರಿಹೋಗುತ್ತಲ್ಲ? ಆಮೇಲೆ ಕಡಿಯೋಣ."

ಭಾವನಿಗೆ ಹತ್ತು ವರ್ಷ ಓದಿದ್ದೆಲ್ಲ ಆ ಕ್ಷಣ ಕೈಕೊಟ್ಟಿತು.

ರಕ್ತದ ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಅವಳೇ ಮುಂದೆ ಬಂದಳು. "ಮಗಳು ಗಂಡನ ಮನೆಗೆ ಹೋದ್ಲು ಅಂತ ತವರು ಕೆಡವ್ತಾರಾ ಸಾರ್? ಬಸುರಿಯಾಗಿ ಇಲ್ಲಿಗೇ ತಾನೇ ಬರೋದು!"

ಅಧಿಕಾರಿ ಅವಳನ್ನು, ಮರಗಳನ್ನು ನೋಡಿದರು. ಆಮೇಲೆ ಪೆನ್ನು ತೆಗೆದು ಮರ ಕಡಿಯುವ ಆದೇಶದ ಹಾಳೆಗೆ ಅಡ್ಡಗೆರೆ ಎಳೆದರು. ಗರಗಸಗಳು ಒಂದೊಂದಾಗಿ ಲಾರಿ ಹತ್ತಿದವು.